ತಾಂತ್ರಿಕ ಕಾರಣಗಳಿಂದ

(ತೀರ್ಥಹಳ್ಳಿಯಲ್ಲಿ ಒಂದು ಸಂಜೆ, ಸುತ್ತಮುತ್ತಲ ಪಂಚಾಯಿತಿ ಸದಸ್ಯರು, ಶಿಕ್ಷಕರು ಮತ್ತು ಕೆಲವು ಹಳೆಯ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ಒಂದಕ್ಕೆ ಇಳಿಸಿದ್ದೇನೆ. ನಡುವೆ ಕರೆಂಟು ಹೋದಾಗ ಆಡಿದ ಹರಟೆಯನ್ನು ಕೈಬಿಟ್ಟಿದ್ದೇನೆ.)

ಈಗ ನನ್ನನ್ನು ಪರಿಚಯಿಸಿದವರು ‘ಪಕ್ಷಾತೀತ ವ್ಯಕ್ತಿ’ ಎಂದರು. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಅದು ಸುಳ್ಳು. ಹದಿನೆಂಟು ವರ್ಷ ತುಂಬಿದಾಗಿನಿಂದ ನಾನು ಒಂದಲ್ಲ ಒಂದು ಪಕ್ಷ ವಹಿಸಿಕೊಂಡೇ ಬದುಕಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಪಕ್ಷವಿಲ್ಲದ ಮನುಷ್ಯ ಸಿಗುವುದು ಮಳೆಗಾಲದಲ್ಲಿ ಒಣ ಸೌದೆ ಸಿಕ್ಕಿದ ಹಾಗೆ. ಇವತ್ತಿನ ವಿಷಯಕ್ಕೂ ಇದಕ್ಕೂ ಸಂಬಂಧವಿದೆ. ಪಂಚಾಯಿತಿಯ ಕುರ್ಚಿಯಲ್ಲಿ ಕುಳಿತವನ ಸ್ವಂತ ನಂಬಿಕೆ ಊರಿನ ನಲ್ಲಿ, ದೀಪ, ಶಾಲೆಯ ಊಟ ಇವುಗಳ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ಬೇರೆಯವರ ನಂಬಿಕೆಯ ಬಗ್ಗೆ ಮಾತನಾಡುವುದು ಸುಲಭ. ನಾನು ಸಹಿ ಹಾಕಿದ ಒಂದು ಠರಾವಿನಿಂದ ಶುರು ಮಾಡುತ್ತೇನೆ.

1990ರ ದಶಕದ ಕೊನೆಯ ಮಾತು. ಆಗ ನಾನು ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷ. ಯಾವ ಪಂಚಾಯಿತಿ ಎಂದು ಹೇಳುವುದಿಲ್ಲ. ಇಲ್ಲಿ ಕುಳಿತಿರುವ ಕೆಲವರಿಗೆ ಗೊತ್ತು, ಅವರೂ ಹೇಳಬೇಡಿ. ನಮ್ಮ ಒಂದು ಹಳ್ಳಿಗೆ ನೀರು ಸರಬರಾಜು ಯೋಜನೆ ಮಂಜೂರಾಗಿತ್ತು. ಕೊಳವೆ ಬಾವಿ, ಮೋಟಾರು, ಎತ್ತರದಲ್ಲಿ ಒಂದು ಟ್ಯಾಂಕು, ಅಲ್ಲಿಂದ ಮನೆಮನೆಗೆ ಪೈಪು. ಎಂಜಿನಿಯರು ಬಂದು ಮೂರು ಕಾಲಿನ ಉಪಕರಣ ನೆಟ್ಟು, ಒಂದು ಕಣ್ಣು ಮುಚ್ಚಿ, ಊರನ್ನೆಲ್ಲ ಅಳೆದು, ದಿಬ್ಬದ ತಲೆಯ ಮೇಲೆ ಗೂಟ ಹೊಡೆದು ಹೋದರು. ಊರಿನಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ದಿಬ್ಬದ ಮೇಲೆ ದಲಿತರ ಹದಿನಾಲ್ಕು ಮನೆಗಳ ಕೇರಿ ಇತ್ತು.

ಎರಡು ತಿಂಗಳ ನಂತರ ಮಾಸಿಕ ಸಭೆಯಲ್ಲಿ ಟ್ಯಾಂಕಿನ ವಿಷಯ ಬಂತು. ಒಬ್ಬ ಸದಸ್ಯರು ಅಲ್ಲಿ ಬರೀ ಬಂಡೆ, ಅಡಿಪಾಯ ತೋಡುವುದು ಕಷ್ಟ ಎಂದರು. ಇನ್ನೊಬ್ಬರು ಜಲ್ಲಿಯ ಲಾರಿ ದಿಬ್ಬ ಹತ್ತುವುದಿಲ್ಲ ಎಂದರು. ಮತ್ತೊಬ್ಬರಿಗೆ ಮುಂದೆ ಟ್ಯಾಂಕು ದೊಡ್ಡದು ಮಾಡಬೇಕಾದರೆ ಜಾಗ ಸಾಲದು ಎಂಬ ದೂರಾಲೋಚನೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ನಿಜ. ಮಲೆನಾಡಿನಲ್ಲಿ ಬಂಡೆಯಿಲ್ಲದ ಜಾಗ ಎಲ್ಲಿದೆ, ಲಾರಿ ಸಲೀಸಾಗಿ ಹತ್ತುವ ದಾರಿ ಎಲ್ಲಿದೆ? ಟ್ಯಾಂಕು ಕೇರಿಯಲ್ಲಿದ್ದರೆ ಅದರ ವಾಲ್ವಿನ ಕೀಲಿ ಕೇರಿಯ ಹುಡುಗನ ಕೈಯಲ್ಲಿರುತ್ತದೆ, ಕೇರಿಯಿಂದ ಇಳಿದ ನೀರು ಕೆಳಗಿನ ಮನೆಗಳ ದೇವರ ಕೋಣೆಗೆ ಹೋಗುತ್ತದೆ. ಈ ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಚಹಾ ಬಂತು, ನಿಪ್ಪಟ್ಟು ಬಂತು. ಟ್ಯಾಂಕು ದಿಬ್ಬದಿಂದ ಇಳಿದು ಶಾಲೆಯ ಹಿಂದಿನ ಖಾಲಿ ಜಾಗಕ್ಕೆ ಬಂತು.

ನಮ್ಮ ಕಾರ್ಯದರ್ಶಿಯವರ ಅಕ್ಷರ ಮುತ್ತಿನಂತಿತ್ತು. ನಡವಳಿ ಪುಸ್ತಕದಲ್ಲಿ ಹೀಗೆ ಬರೆದರು: “ತಾಂತ್ರಿಕ ಕಾರಣಗಳಿಂದ ಸದರಿ ಟ್ಯಾಂಕಿನ ಸ್ಥಳವನ್ನು ಬದಲಾಯಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ಕೇರಿಯ ಸದಸ್ಯೆಯೊಬ್ಬರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದರು. ಮೀಸಲಾತಿಯಿಂದ ಬಂದವರು, ಸಭೆಯಲ್ಲಿ ಬಾಯಿ ತೆರೆದದ್ದು ಕಡಿಮೆ. ಅಂದು ಒಂದೇ ಒಂದು ಮಾತು ಕೇಳಿದರು. “ಅಲ್ಲಿಂದ ನಮ್ಮ ಮನೆಗೆ ನೀರು ಹತ್ತುತ್ತದೆಯಾ?” ಕಾರ್ಯದರ್ಶಿ ತಲೆ ಎತ್ತದೆ “ಹತ್ತುತ್ತದಮ್ಮ, ಒತ್ತಡ ಇರುತ್ತದೆ” ಎಂದರು. ಆಕೆ ಸಹಿ ಹಾಕಿದರು. ಆಮೇಲೆ ನಾನು ಹಾಕಿದೆ.

ಆ ಇಡೀ ಸಭೆಯಲ್ಲಿ ಯಾರಾದರೂ ಕೇಳಿದ ತಾಂತ್ರಿಕ ಪ್ರಶ್ನೆ ಅದೊಂದೇ. ನಡವಳಿಯಲ್ಲಿ ಅದು ದಾಖಲಾಗಲಿಲ್ಲ. ನೀರೂ ಹತ್ತಲಿಲ್ಲ. ಕೆಳಗಿನವರೆಲ್ಲ ನಲ್ಲಿ ನಿಲ್ಲಿಸಿ ಮಲಗಿದ ಮೇಲೆ ದಿಬ್ಬದ ನಲ್ಲಿಗಳಲ್ಲಿ ನೂಲಿನಂತೆ ನೀರು ಬರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಹೆಂಗಸರು ಚಿಮಣಿ ಹಚ್ಚಿಕೊಂಡು ಕೊಡ ಹಿಡಿದು ಕುಳಿತಿರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನೋಡಿ ಮನೆಗೆ ಬಂದು ಮಲಗಿದ್ದೇನೆ.

ನಂಬಿಕೆ ತನ್ನ ಹೆಸರು ಹೇಳಿಕೊಂಡು ಸಭೆಗೆ ಬರುವುದಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ಬಂಡೆಯ ವೇಷದಲ್ಲಿ ಬರುತ್ತದೆ. ಅನುದಾನದ ಕೊರತೆಯಾಗಿ, ಪೋಷಕರ ಆಕ್ಷೇಪಣೆಯಾಗಿ, ಪದ್ಧತಿಯಾಗಿ ಬರುತ್ತದೆ.

ಇದಕ್ಕೆ ಹೋಲಿಸಿದರೆ ಮಹಾಡದ ಪುರಸಭೆ ಒಂದು ರೀತಿಯಲ್ಲಿ ಪ್ರಾಮಾಣಿಕವಾಗಿತ್ತು ಎಂದು ಎಷ್ಟೋ ಸಲ ನನಗೆ ಅನ್ನಿಸಿದೆ. ಕೊಂಕಣದ ಆ ಊರಿನ ಚವದಾರ ಕೆರೆಯ ಕಥೆ ನಿಮಗೆ ಗೊತ್ತು. ಆದರೆ ನಾವು ಅಂಬೇಡ್ಕರ್ ಅವರು ಬೊಗಸೆಯಲ್ಲಿ ನೀರು ಎತ್ತಿದ ಚಿತ್ರವನ್ನು ನೋಡುತ್ತೇವೆ, ಪುರಸಭೆಯ ಕಡತವನ್ನು ನೋಡುವುದಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತವಾಗಬೇಕೆಂದು ಮುಂಬೈ ವಿಧಾನ ಪರಿಷತ್ತು 1923ರಲ್ಲಿ ನಿರ್ಣಯ ಮಾಡಿತು. 1924ರಲ್ಲಿ ಮಹಾಡ ಪುರಸಭೆ ಅದನ್ನು ಒಪ್ಪಿ ತನ್ನ ಕೆರೆಯನ್ನು ತೆರೆದಿದ್ದೇವೆ ಎಂದು ಠರಾವು ಮಾಡಿತು. ಮೂರು ವರ್ಷ ಠರಾವು ಕಾಗದದ ಮೇಲೇ ಇತ್ತು. 1927ರ ಮಾರ್ಚ್ 20ರಂದು ಜನ ನಿಜವಾಗಿ ಕೆರೆಗೆ ಇಳಿದರು. ಹೊಡೆದಾಟವಾಯಿತು, ಕೆರೆಗೆ ‘ಶುದ್ಧಿ’ ನಡೆಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಪುರಸಭೆ ತನ್ನ ಹಳೆಯ ಠರಾವನ್ನೇ ವಾಪಸು ಪಡೆಯಿತು. ವ್ಯಾಜ್ಯ ಮುಂಬೈ ಹೈಕೋರ್ಟಿನವರೆಗೆ ಹೋಗಿ, 1937ರಲ್ಲಿ ತೀರ್ಪು ದಲಿತರ ಪರವಾಗಿ ಬಂತು. ಕೊಟ್ಟದ್ದನ್ನು ಕಸಿಯುತ್ತಿದ್ದೇವೆ ಎಂಬುದು ಆ ಪುರಸಭೆಯ ಪುಸ್ತಕದಲ್ಲಿತ್ತು. ಕೋರ್ಟಿಗೆ ಹೋಗಲು ಒಂದು ಹಿಡಿ ಸಿಕ್ಕಿತ್ತು. ನಮ್ಮ ದಿಬ್ಬದ ಹೆಂಗಸು ಕೋರ್ಟಿಗೆ ಹೋಗಿದ್ದರೆ ಯಾವುದನ್ನು ಪ್ರಶ್ನಿಸಬೇಕಿತ್ತು? ಬಂಡೆಯನ್ನೇ? ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದು ಬರೆದಿದ್ದಾರೆ. ಟ್ಯಾಂಕಿನ ಸ್ಥಳ ಬದಲಾವಣೆಯ ಬಗ್ಗೆ ಅಲ್ಲಿ ಏನೂ ಇಲ್ಲ.

ಹಾಗಾದರೆ ಕುರ್ಚಿಯಲ್ಲಿ ಕುಳಿತವರು ತಮ್ಮ ಸಿದ್ಧಾಂತವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕೇ? ಇತ್ತೀಚೆಗೆ ತರಬೇತಿ ಕೊಡಲು ಬರುವ ಯುವಕರು ಹಾಗೆ ಹೇಳುತ್ತಾರೆ. ‘ತಟಸ್ಥ ಆಡಳಿತ’ ಎಂಬ ಮಾತು ಅವರ ಪರದೆಯ ಮೇಲೆ ಬರುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಧೈರ್ಯ ಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರ ಕೊಳಗ ದೊಡ್ಡದು. ಅದೂ ಒಂದು ‘ತಾಂತ್ರಿಕ’ ವಿಷಯವೇ ಅಲ್ಲವೇ, ಅಳತೆಯ ಪ್ರಶ್ನೆ! ಅದರೊಳಗೆ ಯಾರ ಹೊಟ್ಟೆ ಇದೆ ಎಂದು ಕಂಡುಹಿಡಿಯಲು ಸಮಾಜವಾದಿಗಳ ಕಣ್ಣು ಬೇಕಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಉಳುವವನಿಗೆ ಭೂಮಿ ಕೊಡಬೇಕೆಂಬ ಸಿದ್ಧಾಂತ ಕೊನೆಗೆ 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಕಾನೂನಾಯಿತು. ಈ ಸಭಾಂಗಣದಲ್ಲಿ ಕುಳಿತ ಎಷ್ಟೋ ಮನೆಗಳ ಪಹಣಿಯಲ್ಲಿ ಆ ಸಿದ್ಧಾಂತ ಇವತ್ತಿಗೂ ಇದೆ.

ರಾಜ್ಯದ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನೇ ತೆಗೆದುಕೊಳ್ಳಿ. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನ್ನಿಸಿಕೊಂಡವರು. 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ, ಅದರಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಇಟ್ಟರು. ದೇಶದ ಮಟ್ಟದಲ್ಲಿ ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬರುವ ಹೊತ್ತಿಗೆ, ಅಂದರೆ 1993ಕ್ಕೆ, ನಮ್ಮಲ್ಲಿ ಹೆಂಗಸರು ಆಗಲೇ ಒಂದು ಅವಧಿ ಕುರ್ಚಿಯಲ್ಲಿ ಕುಳಿತಿದ್ದರು. ತಟಸ್ಥ ಮನುಷ್ಯ ಮಾಡುವ ಕೆಲಸವೇ ಇದು? ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಬಸವಲಿಂಗಪ್ಪನವರು ತಟಸ್ಥರಾಗಿದ್ದರೇ?

ಹಾಗೆಂದು ಒಳ್ಳೆಯ ಸಿದ್ಧಾಂತ ಬೇಕು, ಕೆಟ್ಟದ್ದು ಬೇಡ ಎಂದರೆ ಮುಗಿಯಿತೇ? ಒಳ್ಳೆಯದು ಯಾವುದು ಎಂದು ಹೇಳುವವರು ಯಾರು? ಲಂಡನ್ನಿನ ಪಾಪ್ಲರ್ ಎಂಬ ಬಡವರ ಬಡಾವಣೆಯ ಕಥೆ ಇಲ್ಲಿ ನೆನಪಾಗುತ್ತದೆ. ಹಡಗುಕಟ್ಟೆಯ ಕೂಲಿಗಳ ಊರು. 1921ರಲ್ಲಿ ಅಲ್ಲಿನ ಕೌನ್ಸಿಲಿನ 30 ಸದಸ್ಯರು, ಬಡ ಬಡಾವಣೆಯ ಮೇಲೆ ತೆರಿಗೆಯ ಭಾರ ಹೆಚ್ಚು ಬೀಳುತ್ತಿದೆ ಎಂದು ಮೇಲಿನ ಸಂಸ್ಥೆಗಳ ಪಾಲಿನ ತೆರಿಗೆ ವಸೂಲು ಮಾಡಲು ನಿರಾಕರಿಸಿ ಜೈಲಿಗೆ ಹೋದರು. ಅವರ ಮುಂದಾಳು ಜಾರ್ಜ್ ಲ್ಯಾನ್ಸ್‌ಬರಿ. ಅದೇ ಕೌನ್ಸಿಲು ತನ್ನ ಕೆಲಸಗಾರರಿಗೆ, ಗಂಡಸಾಗಲಿ ಹೆಂಗಸಾಗಲಿ, ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ ಎಂದು ಗೊತ್ತು ಮಾಡಿತು. ಲೆಕ್ಕ ಪರಿಶೋಧಕರು ಇದು ದುಂದು ಎಂದು ಸದಸ್ಯರ ಮೇಲೆಯೇ ವಸೂಲಾತಿ ಹಾಕಿದರು. 1925ರಲ್ಲಿ ವಿಷಯ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಾಗ ನ್ಯಾಯಮೂರ್ತಿಗಳು ಕೌನ್ಸಿಲಿನ ವಿರುದ್ಧ ತೀರ್ಪು ಕೊಟ್ಟರು. ಒಬ್ಬ ನ್ಯಾಯಮೂರ್ತಿಗೆ ಇದರಲ್ಲಿ ವಿಚಿತ್ರ ಸಮಾಜವಾದಿ ದಾನಶೀಲತೆಯೂ ಹೆಣ್ಣು ಗಂಡು ಸಮಾನ ಎಂಬ ಸ್ತ್ರೀವಾದಿ ಹಂಬಲವೂ ಕಂಡವು. ಪಾಪ್ಲರ್‌ನವರದ್ದು ಸಿದ್ಧಾಂತ ಎಂದು ಅವರಿಗೆ ಥಟ್ಟನೆ ಗೊತ್ತಾಯಿತು. ಹೆಂಗಸಿಗೆ ಕಡಿಮೆ ಕೂಲಿ ಕೊಡುವುದೇ ಸರಿ ಎನ್ನುವುದೂ ಒಂದು ಸಿದ್ಧಾಂತ ಎಂದು ಹೊಳೆಯಲಿಲ್ಲ. ಅದು ಅವರಿಗೆ ಲೋಕಜ್ಞಾನವಾಗಿತ್ತು. ನಮ್ಮ ಸಭೆಯಲ್ಲಿ ಬಂಡೆ ಲೋಕಜ್ಞಾನವಾಗಿದ್ದ ಹಾಗೆ.

ನನ್ನದೇ ಸಿದ್ಧಾಂತ ಮಾಡಿದ ಹಾನಿಯನ್ನೂ ಹೇಳಬೇಕು, ಇಲ್ಲದಿದ್ದರೆ ಟ್ಯಾಂಕಿನ ಕಥೆಯಲ್ಲಿ ಬೇರೆಯವರ ಕಡೆ ಬೆರಳು ತೋರಿಸಿ ಜಾರಿಕೊಂಡಂತಾಗುತ್ತದೆ. ನೀರಿಗೆ ಮನೆಯೊಂದಕ್ಕೆ ತಿಂಗಳಿಗೆ 10 ರೂಪಾಯಿ ಕರ ಹಾಕಬೇಕೆಂದು ಕಾರ್ಯದರ್ಶಿ ಕಡತ ಇಟ್ಟರು. ನಾನು ಲೋಹಿಯಾ ಓದಿಕೊಂಡವನು. ‘ನೀರು ಮಾರುವ ವಸ್ತುವಲ್ಲ’ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು, ಕಡತವೂ ಬಿತ್ತು. ಮಾರ್ಚ್ ತಿಂಗಳಲ್ಲಿ ಮೋಟಾರು ಸುಟ್ಟಿತು. ವೈಂಡಿಂಗ್ ಮಾಡಿಸಲು ಶಿವಮೊಗ್ಗಕ್ಕೆ ಕಳಿಸಬೇಕು, ಪಂಚಾಯಿತಿಯ ಖಾತೆಯಲ್ಲಿ ಕಾಸಿಲ್ಲ. ಮೇಲಿನಿಂದ ಹಣ ಬರುವ ಹೊತ್ತಿಗೆ 22 ದಿನ ಕಳೆದಿತ್ತು. ಕೆಳಗಿನ ಮನೆಗಳವರಿಗೆ ತೋಟದ ಬಾವಿ ಇತ್ತು. ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ಹಾಯಿಸಿಕೊಂಡವರಿದ್ದರು. ದಿಬ್ಬದ ಹದಿನಾಲ್ಕು ಮನೆಗಳಿಗೆ ಬಾವಿಯೂ ಇಲ್ಲ, ಅಬ್ಬಿಯೂ ಇಲ್ಲ. ನಮ್ಮ ನೀರುಗಂಟಿ ಒಂದು ಬೆಳಿಗ್ಗೆ ಬಂದು, “ಅಧ್ಯಕ್ಷರೇ, ನಿಮ್ಮ ಭಾಷಣ ಚೆನ್ನಾಗಿತ್ತು. ಕೊಡಕ್ಕೆ ಏನು ತುಂಬಲಿ?” ಎಂದು ಕೇಳಿದ. ಅವನಿಗೆ ನಾನು ಕೊಟ್ಟ ಉತ್ತರ ಇಲ್ಲಿ ಹೇಳುವಂಥದ್ದಲ್ಲ.

ನೀರುಗಂಟಿಯ ವಿಷಯ ಬಂದದ್ದರಿಂದ ಒಂದು ಮಾತು. ಆಡಳಿತ ಎಂದರೆ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ ಎಂದುಕೊಳ್ಳುತ್ತೇವೆ. ಬೆಳಿಗ್ಗೆ ಯಾವ ವಾಲ್ವು ಮೊದಲು ತಿರುಗಬೇಕು ಎಂದು ನಿರ್ಧರಿಸುವವನು ಅವನು. ಅವನಿಗೂ ಜಾತಿ ಇದೆ, ಪಕ್ಷ ಇದೆ, ಭಾವನ ಮನೆ ಇದೆ. ಗ್ರಂಥಾಲಯಕ್ಕೆ ಯಾವ ಪತ್ರಿಕೆ ತರಿಸಬೇಕು ಎನ್ನುವುದೂ ಹಾಗೆಯೇ. ಅಧ್ಯಕ್ಷರು ಬದಲಾದಾಗಲೆಲ್ಲ ಪತ್ರಿಕೆ ಬದಲಾಗುವ ಊರನ್ನು ನಾನು ಬಲ್ಲೆ. ಅಲ್ಲಿನ ಓದುಗರು ಪಾಪ, ಐದು ವರ್ಷದಲ್ಲಿ ಎರಡು ಸಲ ದೇಶ ಉದ್ಧಾರವಾದದ್ದನ್ನೂ ಎರಡು ಸಲ ಹಾಳಾದದ್ದನ್ನೂ ಓದುತ್ತಾರೆ.

ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಶಿಕ್ಷಕರು ಜಾಸ್ತಿ ಇದ್ದೀರಿ, ಗಂಟಲು ಸರಿಮಾಡಿಕೊಳ್ಳುತ್ತಿರುವುದು ಕೇಳಿಸುತ್ತಿದೆ. 2022ರಿಂದ ರಾಜ್ಯದ ಎಲ್ಲ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಬಂತು. 2024ರಲ್ಲಿ ಖಾಸಗಿ ಪ್ರತಿಷ್ಠಾನವೊಂದರ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ತಿನ್ನದ ಮಗುವಿಗೆ ಬಾಳೆಹಣ್ಣು. ಯಾರ ಬಾಯಿಗೂ ಯಾರೂ ತುರುಕಬೇಕಾಗಿಲ್ಲ, ಯಾರ ಬಾಯಿಂದಲೂ ಕಸಿಯಬೇಕಾಗಿಲ್ಲ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಬಹಳ ದಿನ ಎಲ್ಲರಿಗೂ ಬಾಳೆಹಣ್ಣೇ ಬಂತು. ಕಾರಣ ಕೇಳಿದರೆ, ಮೊಟ್ಟೆ ಬೇಯಿಸಲು ಪ್ರತ್ಯೇಕ ಪಾತ್ರೆ ಇಲ್ಲ. ತೋಟದ ಕೆಲಸಕ್ಕೆ ಬಂದವರ ಮಕ್ಕಳೇ ಅರ್ಧ ಶಾಲೆ. ಆ ಪೈಕಿ ಒಬ್ಬ ತಂದೆ ಪೇಟೆಗೆ ಹೋಗಿ ಅಲ್ಯೂಮಿನಿಯಂ ಪಾತ್ರೆ ಕೊಂಡು, ಚೀಲದಲ್ಲಿ ಹೊತ್ತುಕೊಂಡು ಬಂದು, ಶಾಲೆಯ ಜಗಲಿಯ ಮೇಲೆ ಇಟ್ಟು ಹೋದ. ಮರುವಾರ ಕಾರಣ ಬದಲಾಯಿತು. ಗ್ಯಾಸ್ ಸಾಲುವುದಿಲ್ಲ. ಗ್ಯಾಸಿಗೆ ದಾರಿಯಾದ ಮೇಲೆ ಸುಲಿಯುವವರಿಲ್ಲ. ಒಂದು ಕಾರಣಕ್ಕೆ ಉತ್ತರ ಕೊಟ್ಟ ಮರುದಿನ ಇನ್ನೊಂದು ಕಾರಣ ಹುಟ್ಟಿದರೆ, ಹೇಳದೆ ಉಳಿದ ಕಾರಣ ಒಳಗೆ ಬೇರೆಯೇ ಇದೆ ಎಂದು ತಿಳಿಯಿರಿ.

ಆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನು ನಾನು ಗೇಲಿ ಮಾಡುತ್ತಿಲ್ಲ. ಸಜ್ಜನರು. ಬಾಳೆಗೊನೆ ಅವರ ತೋಟದ್ದೇ, ದುಡ್ಡು ತೆಗೆದುಕೊಂಡವರಲ್ಲ. ಮೊಟ್ಟೆಯ ವಾಸನೆಗೆ ಅವರಿಗೆ ನಿಜವಾಗಿ ಹೊಟ್ಟೆ ತೊಳಸುತ್ತದೆ. ಜೀವಹಿಂಸೆಯ ಬಗ್ಗೆ ಅವರ ಸಂಕಟವೂ ನಾಟಕವಲ್ಲ. “ನನಗೆ ಇದು ಒಪ್ಪಿಗೆಯಿಲ್ಲ, ನನ್ನ ಮೇಲ್ವಿಚಾರಣೆಯಲ್ಲಿ ಆಗುವುದು ಬೇಡ” ಎಂದು ಸಭೆಯಲ್ಲಿ ಹೇಳಿದ್ದರೆ ಆ ಒಂದು ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದಿತ್ತು. ಪೋಷಕರು ಎದ್ದು ತಮ್ಮ ಮಾತು ಹೇಳುತ್ತಿದ್ದರು. ಪಾತ್ರೆಯ ಜೊತೆ ಜಗಳ ಆಡುವುದು ಹೇಗೆ?

ನಂಬಿಕೆಯನ್ನು ಬಾಯಿಬಿಟ್ಟು ಹೇಳಿದ್ದರಿಂದಲೇ ಕೆಲಸ ಸಲೀಸಾದದ್ದನ್ನೂ ನೋಡಿದ್ದೇನೆ. ಮಂಗನ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದರಿಂದ ಜಗತ್ತೆಲ್ಲ ಅದನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕೆ ಇಳಿಯುತ್ತವೆ. ಕಳೇಬರ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು, ಸುತ್ತಲಿನ ಜಾಗಕ್ಕೆ ಔಷಧಿ ಹಾಕಿಸಬೇಕು. ಒಂದೂರಿನಲ್ಲಿ ಸತ್ತ ಮಂಗನಿಗೆ ಹೂವು, ಅರಿಶಿನ, ಬಾಳೆ ಎಲೆ ಹಾಕಿ ಮಣ್ಣು ಮಾಡಲು ಜನ ಸೇರಿದ್ದರು. ಆಂಜನೇಯನ ವಂಶ, ಅನಾಥವಾಗಿ ಬಿಡುವುದು ಹೇಗೆ? ವಾರ್ಡಿನ ಸದಸ್ಯೆ ಅದನ್ನು ಮೂಢನಂಬಿಕೆ ಎಂದು ಬಯ್ಯಲಿಲ್ಲ, ಕೈಕಟ್ಟಿ ಸುಮ್ಮನೆಯೂ ನಿಲ್ಲಲಿಲ್ಲ. “ಮೊದಲು ಇಲಾಖೆಯವರು ಬಂದು ಅವರ ಕೆಲಸ ಮಾಡಲಿ. ಆಮೇಲೆ ದೂರದಲ್ಲಿ ನಿಂತು ದೀಪ ಹಚ್ಚೋಣ, ನಾನೂ ಬರುತ್ತೇನೆ” ಎಂದರು. ಬಂದರು ಕೂಡ. ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆಯುತ್ತದೆ ಎನ್ನಲಾರೆ.

ಪಂಚಾಯಿತಿಯ ಗುತ್ತಿಗೆಯಲ್ಲಿ ಸದಸ್ಯನಿಗೆ ಪಾಲಿದ್ದರೆ ಸದಸ್ಯತ್ವವೇ ಹೋಗುತ್ತದೆ. ಕಾಸಿನ ಸ್ವಾರ್ಥಕ್ಕೆ ಹೀಗೆ ಬೇಲಿ ಇದೆ. ನಂಬಿಕೆಯ ಸ್ವಾರ್ಥಕ್ಕೆ ಬೇಲಿ ಹಾಕಲು ಯಾವ ಕಾನೂನಿಗೂ ಆಗದು, ಆಗಬಾರದು ಕೂಡ. ಆದರೆ ಒಂದು ಸಣ್ಣ ಕೊಕ್ಕೆ ಕಾನೂನಿನಲ್ಲಿಯೇ ಇದೆ, ನಾವು ಬಳಸುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ನಕಲು ಪಡೆಯುವುದು ಎಂದಷ್ಟೇ ತಿಳಿದಿದ್ದೇವೆ. ಅದರ 4ನೇ ಕಲಮಿನಲ್ಲಿ, ಆಡಳಿತದ ತೀರ್ಮಾನದಿಂದ ಬಾಧಿತರಾದವರಿಗೆ ಆ ತೀರ್ಮಾನದ ಕಾರಣಗಳನ್ನು ಕೊಡಬೇಕು ಎಂದಿದೆ. ‘ತಾಂತ್ರಿಕ ಕಾರಣಗಳಿಂದ’ ಎಂಬುದು ಕಾರಣವೇ ಅಲ್ಲ. ಯಾವ ತಂತ್ರ, ಯಾರು ಅಳೆದರು, ಅಳತೆ ಎಷ್ಟು, ಯಾರು ಒಪ್ಪಲಿಲ್ಲ, ಇಷ್ಟನ್ನು ನಡವಳಿಯಲ್ಲಿ ಬರೆಸಿ. ಬಾಗಿಲ ಹತ್ತಿರ ಕುಳಿತವರು ಕೇಳಿದ ಪ್ರಶ್ನೆಯನ್ನೂ ಬರೆಸಿ. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ಬಂಡೆ ಇದೆ ಎಂದು ಬರೆದವನು ಊರಿನ ಮುಂದೆ ನಿಂತು ಬಂಡೆ ತೋರಿಸಬೇಕಾಗುತ್ತದೆ ಎಂದು ಗೊತ್ತಾದರೆ, ಬರೆಯುವ ಮುಂಚೆ ಪೆನ್ನು ಸ್ವಲ್ಪ ತಡೆಯುತ್ತದೆ. ನನ್ನ ಪೆನ್ನು ತಡೆಯುತ್ತಿತ್ತು ಎಂದುಕೊಂಡಿದ್ದೇನೆ. ಖಚಿತವಾಗಿ ಹೇಳಲಾರೆ.

ಮಾತು ಮುಗಿದ ಮೇಲೆ ಯುವ ಸದಸ್ಯೆಯೊಬ್ಬರು ಎದ್ದು, “ಆ ದಿಬ್ಬಕ್ಕೆ ಈಗಲಾದರೂ ನೀರು ಹತ್ತಿತೇ ಸಾರ್?” ಎಂದು ಕೇಳಿದರು. ಸಭೆಯಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಜಲ ಜೀವನ್ ಮಿಷನ್ ಬಂದ ಮೇಲೆ ಅಲ್ಲಿಗೂ ಹೊಸ ಪೈಪು, ಹೊಸ ನಲ್ಲಿ, ಮನೆಯೆದುರು ಸಿಮೆಂಟಿನ ಪುಟ್ಟ ಕಟ್ಟೆ ಎಲ್ಲ ಬಂದಿವೆ. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ ತಲಾ 55 ಲೀಟರ್. ಹೊಸ ಟ್ಯಾಂಕಿಗೂ ಜಾಗ ಗೊತ್ತಾಗಿದೆ. ಮತ್ತೆ ಶಾಲೆಯ ಹಿಂದೆಯೇ. ಹಳೆಯ ಕೊಳವೆ ಬಾವಿ ಅಲ್ಲೇ ಹತ್ತಿರವಿದೆ, ಹಳೆಯ ಪೈಪಿನ ಸಾಲೂ ಅಲ್ಲಿಂದಲೇ ಹೋಗಿದೆ, ದಿಬ್ಬದ ಮನೆಗಳಿಗೆ ಪ್ರತ್ಯೇಕ ಪಂಪು ಇಡುತ್ತೇವೆ ಎನ್ನುತ್ತಾರೆ. ಈ ಸಲ ಅದು ನಿಜವಾಗಿಯೂ ತಾಂತ್ರಿಕ ಕಾರಣವೇ ಇರಬಹುದು. ನಾನು ಅಧ್ಯಕ್ಷನಾಗಿದ್ದಾಗ ಮಾಡಿದ ಕೆಲಸದಿಂದಾಗಿ ಈಗ ಅದೇ ಸರಿಯಾದ ಜಾಗವಾಗಿಬಿಟ್ಟಿರಲೂಬಹುದು. ಹೊರಗೆ ನಿಂತು ನೋಡುವವನಿಗೆ ಗೊತ್ತಾಗುವುದಿಲ್ಲ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಉತ್ತರ ಕೊಡಲು ಅವರಿಗೆ 30 ದಿನ ಇದೆ, ಇವತ್ತಿಗೆ 19 ಆಗಿದೆ.